ಮೆಕ್ಯಾನಿಕಲ್ ಕೀಬೋರ್ಡಿನ ಗಟ್ಟಿತನ, ಕೀಗಳ ಸದ್ದು: ಪತ್ತೆಯಿಂದ ರಿಪೇರಿಯವರೆಗೆ ಸಮಗ್ರ ಮಾರ್ಗದರ್ಶಿ

ಕೀಬೋರ್ಡ್ ಗಲಾಟೆ ಮಾಡುತ್ತಿದೆ ಅನ್ನಿಸಿದ ಕೂಡಲೇ ಒಂದು ಹಾಳೆ ಫೋಮ್ ತರಿಸಿ ಕೇಸಿನೊಳಗೆ ತುರುಕುವುದು ಈಗ ರೂಢಿಯಾಗಿಬಿಟ್ಟಿದೆ. ತುರುಕಿದ ಮೇಲೂ ಎಷ್ಟೋ ಸಲ ಕಿರಿಕಿರಿ ಹಾಗೇ ಉಳಿಯುತ್ತದೆ. ಉಳಿಯದೆ ಏನು ಮಾಡೀತು? ಗಲಗಲ ಅನ್ನುತ್ತಿದ್ದದ್ದು ಸ್ಪೇಸ್‌ಬಾರಿನ ಕೆಳಗಿನ ತಂತಿ, ಫೋಮ್ ಹೋಗಿ ಕೂತದ್ದು ಕೇಸಿನ ತಳದಲ್ಲಿ. ಸದ್ದು ಎಲ್ಲಿಂದ ಹೊರಡುತ್ತಿದೆ ಎಂದು ಪತ್ತೆ ಮಾಡದೆ ಕೈಹಾಕಿದರೆ ಯಾವ ರಿಪೇರಿಯೂ ಅದೃಷ್ಟದ ಆಟವೇ. ಹಾಗಾಗಿ ಇಲ್ಲಿ ಮೊದಲು ಕಿವಿಗೊಟ್ಟು ಕೇಳುವ ಕೆಲಸ, ನಂತರ ಕೈಯಲ್ಲಿ ಹಿಡಿದು ನೋಡುವ ಕೆಲಸ. ಸ್ಟೆಬಿಲೈಜರ್ (ಉದ್ದ ಕೀಗಳನ್ನು ಸಮವಾಗಿ ಇಳಿಸುವ ತಂತಿಯ ಜೋಡಣೆ), ಸ್ವಿಚ್ (ಪ್ರತಿ ಕೀಯ ಕೆಳಗಿರುವ ಗುಂಡಿ), ಕೀಕ್ಯಾಪ್ (ಬೆರಳು ತಾಗುವ ಮೇಲಿನ ಟೊಪ್ಪಿ), ಕೇಸ್ ಆಮೇಲೆ. ಫೋಮ್ ಬರುವುದು ಕೊನೆಗೆ, ಅದೂ ಬೇಕಿದ್ದರೆ.

ಒಂದು ಒತ್ತಿಗೆ ಎಷ್ಟು ಸದ್ದು

ಇಂದಿನ ಬಹುಪಾಲು ಸ್ವಿಚ್‌ಗಳು 1980ರ ದಶಕದಲ್ಲಿ ಬಂದ ಚೆರ್ರಿ ಎಂಎಕ್ಸ್ ವಿನ್ಯಾಸವನ್ನೇ ಅನುಸರಿಸುತ್ತವೆ. ಅದರಲ್ಲಿ ಮುಖ್ಯ ಭಾಗಗಳು ಐದು: ಮೇಲಿನ ಹೌಸಿಂಗ್ (ಹೊರಕವಚ), ಕೆಳಗಿನ ಹೌಸಿಂಗ್, ಅವೆರಡರ ನಡುವೆ ಓಡಾಡುವ ಸ್ಟೆಮ್, ಸ್ಪ್ರಿಂಗ್, ಮತ್ತು ಸಂಪರ್ಕ ಕೊಡುವ ಲೋಹದ ತೆಳು ಪಟ್ಟಿ, ಅಂದರೆ ಲೀಫ್. ಕೀ ಒಟ್ಟು 4 ಮಿ.ಮೀ. ಇಳಿಯುತ್ತದೆ, ಅರ್ಧ ದಾರಿಯಲ್ಲೇ, ಸುಮಾರು 2 ಮಿ.ಮೀ. ಇಳಿದಾಗ, ಅಕ್ಷರ ದಾಖಲಾಗಿಬಿಡುತ್ತದೆ. ಸದ್ದಿನ ದೊಡ್ಡ ಪಾಲು ಹುಟ್ಟುವುದು ಈ ಕೆಲಸ ಮುಗಿದ ಮೇಲೆ. ಸ್ಟೆಮ್ ತಳಕ್ಕೆ ಬಡಿದಾಗ ಒಂದು ಸದ್ದು, ಬೆರಳು ತೆಗೆದಾಗ ಸ್ಟೆಮ್ ಮೇಲಕ್ಕೆ ಹಾರಿ ಮೇಲಿನ ಹೌಸಿಂಗಿಗೆ ಬಡಿದು ಇನ್ನೊಂದು. ಈ ಎರಡನೆಯದನ್ನು ಜನ ಮರೆತೇಬಿಡುತ್ತಾರೆ. ಮೆಲ್ಲಗೆ ಟೈಪ್ ಮಾಡುವವರ ಕೀಬೋರ್ಡೂ ಟಕಟಕ ಅನ್ನುವುದು ಇದರಿಂದಲೇ: ಒತ್ತುವ ವೇಗ ಬೆರಳಿನ ಹಿಡಿತದಲ್ಲಿದೆ, ವಾಪಸು ಬರುವ ವೇಗ ಸ್ಪ್ರಿಂಗಿನ ಹಿಡಿತದಲ್ಲಿ.

ಇವೆರಡರ ಮೇಲೆ ಉಳಿದ ಸದ್ದುಗಳು ಬಂದು ಸೇರುತ್ತವೆ. ಸ್ಪ್ರಿಂಗ್ ಅಥವಾ ಲೀಫ್ ಕಂಪಿಸಿದರೆ ಸಣ್ಣದೊಂದು ‘ಟಿಂಗ್’. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜಿದರೆ ‘ಸರಸರ’. ಉದ್ದ ಕೀಗಳ ತಂತಿ ಸಡಿಲವಿದ್ದರೆ ‘ಗಲಗಲ’. ಕೇಸಿನೊಳಗೆ ಖಾಲಿ ಜಾಗ ಹೆಚ್ಚಿದ್ದರೆ ‘ಡಬಡಬ’, ಕೇಸ್ ಲೋಹದ್ದಾಗಿದ್ದರೆ ‘ಠಣ್’. ಕ್ಲಿಕ್ಕಿ ಸ್ವಿಚ್ಚುಗಳ ‘ಚಟ್’ ಮಾತ್ರ ಬೇಕೆಂದೇ ಇಟ್ಟದ್ದು. ಚೆರ್ರಿ ಬ್ಲೂನಲ್ಲಿ ಸ್ಟೆಮ್ಮಿನ ಮೇಲೆ ಜಾರುವ ಒಂದು ತುಣುಕು, ಕೈಲ್ ಬಾಕ್ಸ್ ವೈಟ್‌ನಲ್ಲಿ ಒಂದು ಸಣ್ಣ ಸ್ಪ್ರಿಂಗ್ ತಂತಿ ಆ ಸದ್ದು ಮಾಡುತ್ತದೆ. ಗ್ರೀಸ್ ಹಚ್ಚಿ ಅದನ್ನು ಅಡಗಿಸಲು ಹೊರಟರೆ ಕ್ಲಿಕ್ಕೂ ಕೆಡುತ್ತದೆ, ಸದ್ದೂ ಪೂರ್ತಿ ಹೋಗುವುದಿಲ್ಲ. ಪಕ್ಕದಲ್ಲಿ ಕೂತವರು ಗೊಣಗುತ್ತಿದ್ದಾರೆ, ನಿಮ್ಮದು ಕ್ಲಿಕ್ಕಿ ಸ್ವಿಚ್ ಅಂತಾದರೆ ಮುಂದಿನ ಯಾವ ಹಂತವೂ ನಿಮ್ಮನ್ನು ಕಾಪಾಡುವುದಿಲ್ಲ, ಸ್ವಿಚ್ಚನ್ನೇ ಬದಲಿಸಿ.

ಹಂತ 1: ಸದ್ದಿನ ಮೂಲ ಹುಡುಕಿ

ಫ್ಯಾನ್ ಆರಿಸಿ, ಕೋಣೆ ಸದ್ದಿಲ್ಲದ ಹೊತ್ತಿನಲ್ಲಿ ಕೂತುಕೊಳ್ಳಿ. ಮೊದಲು ಬರೀ ಮೇಜಿನ ಮೇಲೆ ನಾಲ್ಕು ಸಾಲು ಟೈಪ್ ಮಾಡಿ, ಆಮೇಲೆ ಕೀಬೋರ್ಡಿನ ಕೆಳಗೆ ದಪ್ಪ ಟವೆಲ್ ಮಡಿಸಿಟ್ಟು ಅದೇ ಸಾಲುಗಳನ್ನು ಮತ್ತೆ ಟೈಪ್ ಮಾಡಿ. ಸದ್ದು ಅರ್ಧಕ್ಕರ್ಧ ಇಳಿಯಿತೇ? ಹಾಗಾದರೆ ಸದ್ದು ಮಾಡುತ್ತಿದ್ದದ್ದು ಮೇಜು. ದಪ್ಪ ಡೆಸ್ಕ್ ಮ್ಯಾಟ್ ಹಾಕಿ ಸುಮ್ಮನಾಗಬಹುದು, ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವೇ ಇಲ್ಲ.

ಇಳಿಯದಿದ್ದರೆ ಒಂದೊಂದೇ ಕೀಯನ್ನು ಒತ್ತುತ್ತಾ ಹೋಗಿ. ಮೆಲ್ಲಗೆ ತಳ ಮುಟ್ಟಿಸಿ, ಹಿಡಿದುಕೊಳ್ಳಿ, ಆಮೇಲೆ ಬೆರಳನ್ನು ಪಕ್ಕಕ್ಕೆ ಜಾರಿಸಿ ಥಟ್ಟನೆ ಬಿಡಿ. ಹೀಗೆ ಮಾಡಿದಾಗ ಕೆಳಗಿನ ಬಡಿತ, ಮೇಲಿನ ಬಡಿತ ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ಸ್ಪೇಸ್‌ಬಾರ್, ಎಂಟರ್, ಬ್ಯಾಕ್‌ಸ್ಪೇಸ್, ಎರಡು ಶಿಫ್ಟ್ ಇವುಗಳನ್ನು ಎಡತುದಿ, ನಡು, ಬಲತುದಿ ಮೂರೂ ಕಡೆ ತಟ್ಟಿ ನೋಡಿ. ಒಂದು ತುದಿಯಲ್ಲಿ ಮಾತ್ರ ಗಲಗಲ ಅಂದರೆ ಹೆಚ್ಚಾಗಿ ತಂತಿ ಸೊಟ್ಟಗಿದೆ. ಎರಡೂ ತುದಿಯಲ್ಲಿ ಅಂದರೆ ಗ್ರೀಸ್ ಇಲ್ಲ, ಅಥವಾ ಒಣಗಿದೆ.

‘ಟಿಂಗ್’ ಕೇಳಿದರೆ ಅದು ಸ್ಪ್ರಿಂಗಿನದೋ ಕೇಸಿನದೋ ಎಂದು ತಿಳಿಯಲು ಕೇಸಿನ ಅಂಚಿಗೆ ಕಿವಿ ಒರಗಿಸಿ, ಇನ್ನೊಂದು ತುದಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ. ಯಾವ ಕೀಯನ್ನೂ ಮುಟ್ಟದೆ ಅದೇ ಮೊಳಗು ಬಂದರೆ ತಪ್ಪು ಕೇಸಿನದು. ಬರದಿದ್ದರೆ ಒಂದು ಕೀಕ್ಯಾಪ್ ಕಿತ್ತು, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಬರೀ ಸ್ಟೆಮ್ ಒತ್ತಿ ಬಿಡಿ. ಈಗಲೂ ಟಿಂಗ್ ಅಂದರೆ ಸ್ಪ್ರಿಂಗ್ ಅಥವಾ ಲೀಫ್.

ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫೋನ್ ಇಡುವ ಜಾಗ, ದೂರ, ಟೈಪ್ ಮಾಡುವ ವಾಕ್ಯ ಪ್ರತಿ ಸಲವೂ ಒಂದೇ ಇರಲಿ. ಫೋನ್ ತನ್ನಷ್ಟಕ್ಕೆ ವಾಲ್ಯೂಮ್ ಏರಿಳಿಸುವುದರಿಂದ ಸದ್ದಿನ ಜೋರನ್ನು ಅದರಿಂದ ಅಳೆಯಲಾಗದು, ಆದರೆ ಗುಣ ಬದಲಾಗಿದೆಯೇ ಎಂದು ಚೆನ್ನಾಗಿ ತಿಳಿಯುತ್ತದೆ. ಎರಡು ಗಂಟೆ ಲ್ಯೂಬ್ ಮಾಡಿ (ಅಂದರೆ ಗ್ರೀಸ್ ಹಚ್ಚಿ) ಸುಸ್ತಾದ ಕಿವಿ ‘ಸುಧಾರಿಸಿದೆ’ ಅಂತಲೇ ಹೇಳುತ್ತದೆ. ಅದರ ಮಾತನ್ನು ನಂಬಬೇಡಿ.

ಹಂತ 2: ಗಟ್ಟಿತನ ನೋಡುವುದು ಹೇಗೆ

ತೂಕ ನೋಡಿ ಗುಣಮಟ್ಟ ಅಳೆಯುವವರು ಬಹಳ. ತೂಕ ಇದ್ದರೆ ಕೀಬೋರ್ಡ್ ಮೇಜಿನ ಮೇಲೆ ಜಾರುವುದಿಲ್ಲ, ಅದು ನಿಜ. ಆದರೆ ಕೇಸಿನ ತಳಕ್ಕೆ ಒಂದು ಕಬ್ಬಿಣದ ಪಟ್ಟಿ ಅಂಟಿಸಿದರೂ ತೂಕ ಬರುತ್ತದೆ. ಇನ್ನೊಂದು ಕಡೆ, 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಹೊರಗಿನಿಂದ ಪೂರ್ತಿ ಪ್ಲಾಸ್ಟಿಕ್. ಒಳಗೆ ಬಾಗಿದ ಉಕ್ಕಿನ ಹಾಳೆ. ಅದರಲ್ಲಿ ಕೆಲವು ಇವತ್ತಿಗೂ ಕೆಲಸ ಮಾಡುತ್ತಿವೆ. ಪ್ಲಾಸ್ಟಿಕ್ ಅಂದಮಾತ್ರಕ್ಕೆ ಕಳಪೆಯಲ್ಲ, ಅಲ್ಯೂಮಿನಿಯಂ ಅಂದಮಾತ್ರಕ್ಕೆ ಶ್ರೇಷ್ಠವೂ ಅಲ್ಲ.

ನೋಡಬೇಕಾದ್ದು ಜೋಡಣೆ. ಕೀಬೋರ್ಡನ್ನು ಎರಡೂ ತುದಿಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ಹಗುರವಾಗಿ ತಿರುಚಿ. ಸ್ವಲ್ಪ ಬಾಗಿದರೆ ಪರವಾಗಿಲ್ಲ, ಕಿರಗುಟ್ಟಬಾರದು. ಕಿರಗುಟ್ಟಿದರೆ ಕೇಸಿನ ಎರಡು ಭಾಗಗಳು ಸರಿಯಾಗಿ ಕೂತಿಲ್ಲ, ಅಥವಾ ಒಂದು ಸ್ಕ್ರೂ ಸಡಿಲ. ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಒತ್ತಿ. ಒಂದು ಮೂಲೆ ಎದ್ದು ಕೂತರೆ ಕೇಸ್ ಸೊಟ್ಟಗಿದೆ ಅಥವಾ ರಬ್ಬರ್ ಪಾದ ಸವೆದಿದೆ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಕೀಗಳ ಸಾಲನ್ನು ಪಕ್ಕದಿಂದ ನೋಡಿ: ಸಾಲು ನೇರವಿದೆಯೇ, ಯಾವುದಾದರೂ ಸ್ವಿಚ್ ಓರೆಯಾಗಿ ಕೂತಿದೆಯೇ? ಪ್ಲೇಟಿನಲ್ಲಿ (ಸ್ವಿಚ್ಚುಗಳು ಕೂರುವ ಹಾಳೆಯಲ್ಲಿ) ಪೂರ್ತಿ ಇಳಿಯದ ಒಂದು ಸ್ವಿಚ್ ಸಾಕು, ಅದರ ಸದ್ದು ಅಕ್ಕಪಕ್ಕದವುಗಳಿಗಿಂತ ಬೇರೆಯಾಗಿ ಎದ್ದು ಕೇಳಲು. ಮೇಲಿನಿಂದ ಬಲವಾಗಿ ಒತ್ತಿದರೆ ಎಷ್ಟೋ ಸಲ ‘ಟಕ್’ ಎಂದು ಕೂತುಬಿಡುತ್ತದೆ. ಹಾಟ್‌ಸ್ವಾಪ್ ಬೋರ್ಡಾದರೆ (ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದದ್ದು) ಒತ್ತುವ ಮುಂಚೆ ಕೆಳಗೆ ಪಿನ್ ಮಡಚಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕೇಬಲ್ ಸಿಕ್ಕಿಸುವ ಪೋರ್ಟನ್ನೂ ಮರೆಯಬೇಡಿ. ಅದು ಅಲ್ಲಾಡಿದರೆ ಸದ್ದಿನ ಚಿಂತೆ ಆಮೇಲೆ, ಮೊದಲು ಅದರ ಬೆಸುಗೆ ನೋಡಿ.

ಒತ್ತದೇ ಇರುವಾಗ ಕೀಕ್ಯಾಪ್ ಅತ್ತಿತ್ತ ಸ್ವಲ್ಪ ಅಲ್ಲಾಡುವುದು ಎಂಎಕ್ಸ್ ಮಾದರಿಯ ಸಹಜ ಗುಣ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಹಂತ 3: ಸ್ಟೆಬಿಲೈಜರ್

ಒಂದೇ ಒಂದು ಕೆಲಸ ಮಾಡುವಷ್ಟು ಮಾತ್ರ ಸಮಯ ಇದೆ ಅಂತಾದರೆ ಇದನ್ನು ಮಾಡಿ. ಕೀಗಳ ಅಗಲವನ್ನು ‘ಯು’ ಲೆಕ್ಕದಲ್ಲಿ ಹೇಳುತ್ತಾರೆ. 1ಯು ಅಂದರೆ 19.05 ಮಿ.ಮೀ. ಸಾಮಾನ್ಯ ಸ್ಪೇಸ್‌ಬಾರ್ 6.25ಯು, ಅಂದರೆ ಸುಮಾರು 119 ಮಿ.ಮೀ. ಉದ್ದ. ಅಷ್ಟು ಉದ್ದದ ಕೀಗೆ ನಡುವೆ ಒಂದೇ ಸ್ವಿಚ್. ತುದಿಯಲ್ಲಿ ಒತ್ತಿದರೂ ಕೀ ಸಮವಾಗಿ ಇಳಿಯಲಿ ಎಂದು ಎರಡೂ ಕಡೆ ಒಂದೊಂದು ಹೌಸಿಂಗ್, ಅದರೊಳಗೆ ಜಾರುವ ಸ್ಟೆಮ್, ಎರಡನ್ನೂ ಜೋಡಿಸುವ ಉಕ್ಕಿನ ತಂತಿ ಇಟ್ಟಿರುತ್ತಾರೆ. ತಂತಿಯ ತುದಿ ಸ್ಟೆಮ್ಮಿನ ರಂಧ್ರದಲ್ಲಿ ಒಂದು ಕೂದಲೆಳೆಯಷ್ಟು ಸಡಿಲವಿದ್ದರೂ ಸಾಕು, ಪ್ರತಿ ಒತ್ತಿಗೂ ಲೋಹ ಪ್ಲಾಸ್ಟಿಕ್ಕಿಗೆ ಎರಡು ಸಲ ಬಡಿಯುತ್ತದೆ.

ಸ್ಟೆಬಿಲೈಜರ್‌ಗಳಲ್ಲಿ ಪ್ಲೇಟಿಗೆ ಸಿಕ್ಕಿಸುವವು, ಪಿಸಿಬಿಗೆ (ಒಳಗಿನ ಸರ್ಕ್ಯೂಟ್ ಬೋರ್ಡಿಗೆ) ಸಿಕ್ಕಿಸುವವು, ಪಿಸಿಬಿಗೆ ಸ್ಕ್ರೂ ಹಾಕುವವು ಎಂದು ಮೂರು ಬಗೆ. ಸ್ಕ್ರೂ ಹಾಕುವುದೇ ಎಲ್ಲಕ್ಕಿಂತ ಗಟ್ಟಿ. ಪಿಸಿಬಿಯ ಎರಡು ಬಗೆಗಳನ್ನೂ ಬಿಚ್ಚಲು ಸ್ವಿಚ್ಚುಗಳನ್ನೆಲ್ಲ ಕಿತ್ತು ಪ್ಲೇಟನ್ನು ಎತ್ತಬೇಕು. ಬಿಚ್ಚುವ ಮುಂಚೆ ಒಂದು ಫೋಟೊ ತೆಗೆದಿಡಿ, ಸ್ಟೆಮ್ಮಿನ ಯಾವ ಮಗ್ಗುಲು ಯಾವ ಕಡೆಗಿತ್ತು ಎಂದು ಆಮೇಲೆ ನೆನಪಾಗುವುದಿಲ್ಲ.

ಮೊದಲ ಕೆಲಸ ತಂತಿಯದು. ಅದನ್ನು ಗಾಜಿನ ತುಂಡಿನ ಮೇಲೋ ಫೋನಿನ ಪರದೆಯ ಮೇಲೋ ಮಲಗಿಸಿ, ಎರಡೂ ಮೂಲೆಗಳನ್ನು ಸರದಿಯಲ್ಲಿ ಬೆರಳಿನಿಂದ ಒತ್ತಿ. ಒಂದು ಮೂಲೆ ಒತ್ತಿದಾಗ ಇನ್ನೊಂದು ಎದ್ದರೆ, ಟಿಕ್ ಟಿಕ್ ಎಂದು ಗಾಜಿಗೆ ತಾಗಿದರೆ, ತಂತಿ ಸೊಟ್ಟ. ಇಕ್ಕಳದಲ್ಲಿ ಹಿಡಿದು ಎದ್ದಿರುವ ಕಾಲನ್ನು ಚೂರೇ ಚೂರು ಬಗ್ಗಿಸಿ ಮತ್ತೆ ಗಾಜಿನ ಮೇಲಿಡಿ. ಬೇಸರದ ಕೆಲಸ. ಆದರೆ ಸೊಟ್ಟ ತಂತಿಗೆ ಎಷ್ಟು ಗ್ರೀಸ್ ಸುರಿದರೂ ಒಂದೆರಡು ತಿಂಗಳಲ್ಲಿ ಗಲಗಲ ಮರಳಿ ಬರುತ್ತದೆ.

ಎರಡನೆಯದು ಕತ್ತರಿಸುವುದು. ಹಳೆಯ ಚೆರ್ರಿ ಮಾದರಿಯ ಸ್ಟೆಮ್ಮಿನ ತಳದಲ್ಲಿ ಎರಡು ಸಣ್ಣ ಕಾಲುಗಳು ಚಾಚಿಕೊಂಡಿರುತ್ತವೆ. ಅವು ಬಡಿತ ಮೆತ್ತಗಿರಲಿ ಎಂದು ಕೊಟ್ಟದ್ದು, ಆದರೆ ಕೀ ಇಳಿದಾಗ ತಳ ಮುಟ್ಟಿದ ಭಾವವನ್ನೇ ಹಾಳು ಮಾಡುತ್ತವೆ. ಚೂಪಾದ ಕಟರಿನಿಂದ ತಳಕ್ಕೆ ಸಮವಾಗಿ ಕತ್ತರಿಸಿ. ಈಚಿನ ಎಷ್ಟೋ ಸ್ಟೆಬಿಲೈಜರ್‌ಗಳಲ್ಲಿ ಈ ಕಾಲುಗಳು ಇರುವುದೇ ಇಲ್ಲ. ಮೊದಲು ನೋಡಿ, ಆಮೇಲೆ ಕತ್ತರಿ ಎತ್ತಿ.

ಮೂರನೆಯದು ಗ್ರೀಸ್, ಅದೂ ಎರಡು ಬಗೆ. ಹೌಸಿಂಗಿನ ಒಳಗೋಡೆಗೆ ಕ್ರೈಟಾಕ್ಸ್ 205 ಗ್ರೇಡ್ 0 ಥರದ ಪಿಎಫ್‌ಪಿಇ ಎಂಬ ಸಿಂಥೆಟಿಕ್ ಗ್ರೀಸನ್ನು ಬ್ರಶ್ಶಿನಿಂದ ತೆಳ್ಳಗೆ ಸವರಿ. ತಂತಿಯ ತುದಿಗಳಿಗೆ, ತಂತಿ ಹೌಸಿಂಗಿಗೆ ಸಿಕ್ಕಿಕೊಳ್ಳುವ ಜಾಗಕ್ಕೆ, ದಪ್ಪನೆಯ ಡೈಎಲೆಕ್ಟ್ರಿಕ್ (ವಿದ್ಯುತ್ ಹಾಯಿಸದ) ಗ್ರೀಸ್. ಇಲ್ಲಿ ಜಿಪುಣತನ ಬೇಡ, ರಂಧ್ರದೊಳಗಿನ ಸಂದು ತುಂಬಬೇಕು. ಡಬ್ಲ್ಯುಡಿ-40 ಸಿಂಪಡಿಸುವ ಯೋಚನೆ ಬಂದರೆ ಬಿಟ್ಟುಬಿಡಿ: ನಾಲ್ಕು ದಿನ ಸದ್ದು ಇಳಿದಂತೆ ಕಾಣುತ್ತದೆ, ತೆಳು ಎಣ್ಣೆ ಹರಿದುಹೋದ ಮೇಲೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕಡೆಯಾಗುತ್ತದೆ.

ನಾಲ್ಕನೆಯದು ಬೇಕಿದ್ದರೆ ಮಾತ್ರ. ಸ್ಟೆಮ್ ಬಂದು ಬಡಿಯುವ ಜಾಗದಲ್ಲಿ ಪಿಸಿಬಿಯ ಮೇಲೆ ಬಟ್ಟೆಯ ಬ್ಯಾಂಡೇಜಿನ ಚಿಕ್ಕ ತುಂಡು ಅಂಟಿಸುತ್ತಾರೆ. ಸ್ಟೆಬಿಲೈಜರಿನ ರಂಧ್ರಗಳು ಮುಚ್ಚದಂತೆ ನೋಡಿಕೊಳ್ಳಿ. ಸ್ಕ್ರೂ ಹಾಕುವ ಬಗೆಯಾದರೆ ಸ್ಕ್ರೂ ತಲೆಯ ಕೆಳಗೆ ವಾಷರ್ ಇರಲಿ, ಲೋಹ ಪಿಸಿಬಿಯ ತಾಮ್ರದ ಗೆರೆಗೆ ಒತ್ತಬಾರದು.

ಪೂರ್ತಿ ಜೋಡಿಸುವ ಮುಂಚೆಯೇ ಆ ಒಂದು ಸ್ವಿಚ್, ಅದರ ಕೀಕ್ಯಾಪ್ ಹಾಕಿ ಒತ್ತಿ ನೋಡಿ. ಕೀ ಸೋಮಾರಿಯಾಗಿ ಮೇಲೆ ಬಂದರೆ ಹೌಸಿಂಗಿನಲ್ಲಿ ಗ್ರೀಸ್ ಹೆಚ್ಚಾಗಿದೆ, ಒರೆಸಿ. ಬೆಸುಗೆ ಹಾಕಿದ ಬೋರ್ಡಾಗಿ ಬಿಚ್ಚಲು ಆಗದಿದ್ದರೆ ಕೀಕ್ಯಾಪ್ ಕಿತ್ತು, ಸಿರಿಂಜಿನಿಂದ ಮೇಲಿನಿಂದಲೇ ತಂತಿಯ ತುದಿಗೆ ಒಂದು ಹನಿ ಗ್ರೀಸ್ ಬಿಡಬಹುದು. ಪೂರ್ತಿ ಕೆಲಸದ ಮುಕ್ಕಾಲು ಫಲ ಅದರಲ್ಲೇ ಸಿಗುತ್ತದೆ.

ಹಂತ 4: ಸ್ವಿಚ್

ಹೊಸ ಸ್ವಿಚ್ ಆರಿಸುವುದೋ, ಇದ್ದದ್ದಕ್ಕೆ ಲ್ಯೂಬ್ ಮಾಡುವುದೋ ಎಂದು ಮೊದಲು ನಿರ್ಧರಿಸಿ. ಸದ್ದೇ ಬೇಡ ಅನ್ನುವವರಿಗೆ ಸೈಲೆಂಟ್ ಸ್ವಿಚ್ಚುಗಳಿವೆ. ಅವುಗಳ ಸ್ಟೆಮ್ಮಿನಲ್ಲಿ ಮೆತ್ತನೆಯ ತುಣುಕುಗಳಿದ್ದು ಕೆಳಗಿನ, ಮೇಲಿನ ಎರಡೂ ಬಡಿತಗಳನ್ನು ಹೀರಿಕೊಳ್ಳುತ್ತವೆ. ಚೆರ್ರಿಯ ಸೈಲೆಂಟ್ ರೆಡ್‌ನಲ್ಲಿ ಇದೇ ಕಾರಣಕ್ಕೆ ಒಟ್ಟು ಓಟ 4ರ ಬದಲು 3.7 ಮಿ.ಮೀ. ಕೀ ತಳ ಮುಟ್ಟುವಾಗ ಸ್ವಲ್ಪ ಮೆತ್ತಮೆತ್ತಗೆ ಅನ್ನಿಸುತ್ತದೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ಕೀಕ್ಯಾಪಿನ ಒಳಗೆ ಹಾಕುವ ರಬ್ಬರ್ ಓ-ರಿಂಗ್ ತಗ್ಗಿಸುವುದು ಕೆಳಗಿನ ಬಡಿತವನ್ನು ಮಾತ್ರ. ಮೇಲಿನ ಬಡಿತ ಹಾಗೇ ಉಳಿಯುವುದರಿಂದ ಹಾಕಿಸಿಕೊಂಡವರಲ್ಲಿ ಹಲವರು ‘ಏನೂ ಬದಲಾಗಲಿಲ್ಲ’ ಅನ್ನುತ್ತಾರೆ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸದ್ದು ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಚೆರ್ರಿ ರೆಡ್ ಸ್ವಿಚ್ ಒತ್ತಲು ಸುಮಾರು 45 ಸೆಂಟಿನ್ಯೂಟನ್ ಬಲ ಬೇಕು, ಬ್ಲ್ಯಾಕಿಗೆ 60. ಬಿರುಸು ಸ್ಪ್ರಿಂಗಿನಲ್ಲಿ ತಳಕ್ಕೆ ಬಡಿಯುವುದು ತಗ್ಗೀತು, ಆದರೆ ವಾಪಸು ಹಾರುವ ರಭಸ ಹೆಚ್ಚುತ್ತದೆ.

ಸದ್ದಿನ ಗುಣ ಹೌಸಿಂಗಿನ ಪ್ಲಾಸ್ಟಿಕ್ಕಿನಿಂದಲೂ ಬದಲಾಗುತ್ತದೆ. ನೈಲಾನ್ ಹೌಸಿಂಗ್ ಮಂದ, ಪಾಲಿಕಾರ್ಬೊನೇಟ್ ಚುರುಕು. ಲಾಂಗ್ ಪೋಲ್ ಎಂದು ಬರುವ ಸ್ವಿಚ್ಚುಗಳಲ್ಲಿ ಸ್ಟೆಮ್ಮಿನ ನಡುಗಂಬ ಉದ್ದವಾಗಿದ್ದು ಬೇಗ ತಳ ಮುಟ್ಟುತ್ತದೆ, ಅದರ ಬಡಿತ ಖಚಿತ, ಚೂಪು. ಇದರಲ್ಲಿ ಯಾವುದು ಚೆಂದ ಎಂದು ವಾದ ಮಾಡುವುದು ವ್ಯರ್ಥ.

ಲ್ಯೂಬ್ ಮಾಡುವುದಾದರೆ ಸ್ವಿಚ್ ಓಪನರ್, ಸಣ್ಣ ಚಿತ್ರಕಲೆಯ ಬ್ರಶ್, ಚಿಮಟ ಸಾಕು. ಬ್ರಶ್ಶಿನಲ್ಲಿ ಗ್ರೀಸ್ ತೆಗೆದುಕೊಂಡು ಮೊದಲು ಡಬ್ಬಿಯ ಅಂಚಿಗೆ ಒರೆಸಿ. ಕೆಳಗಿನ ಹೌಸಿಂಗಿನಲ್ಲಿ ಸ್ಟೆಮ್ ಜಾರುವ ಎರಡು ಕಂಬಿಗಳಿಗೆ, ಸ್ಟೆಮ್ಮಿನ ಪಕ್ಕದ ಮೈಗೆ, ನಡುಗಂಬಕ್ಕೆ ತೆಳುವಾಗಿ ಎಳೆಯಿರಿ. ಹಚ್ಚಿದ ಮೇಲೆ ಪ್ಲಾಸ್ಟಿಕ್ ಸ್ವಲ್ಪ ಮಿನುಗಿದರೆ ಸಾಕು. ಬಿಳಿ ಬಿಳಿಯಾಗಿ ಕಂಡರೆ ಜಾಸ್ತಿಯಾಯಿತು. ಟ್ಯಾಕ್ಟೈಲ್ (ಒತ್ತುವಾಗ ನಡುವೆ ಒಂದು ಉಬ್ಬು ತಾಗುವ) ಸ್ವಿಚ್ಚಾದರೆ ಲೀಫಿಗೆ ತಾಗುವ ಸ್ಟೆಮ್ಮಿನ ಎರಡು ಕಾಲುಗಳನ್ನು ಮುಟ್ಟಬೇಡಿ, ಬೆರಳಿಗೆ ಸಿಗುವ ಆ ಉಬ್ಬು ಹುಟ್ಟುವುದೇ ಅಲ್ಲಿ. ಟ್ಯಾಕ್ಟೈಲಿಗೆ ಟ್ರೈಬೊಸಿಸ್ 3203ರಂಥ ತೆಳು ಗ್ರೀಸ್ ಒಳ್ಳೆಯದು. ಲೀಫ್ ಎರಡೂ ಕಡೆ ಸೇರುವ ಸಂಪರ್ಕ ಬಿಂದುವಿಗೆ ಮಾತ್ರ ಯಾವ ಸ್ವಿಚ್ಚಿನಲ್ಲೂ ಏನೂ ಹಚ್ಚುವಂತಿಲ್ಲ.

ಸ್ಪ್ರಿಂಗುಗಳನ್ನು ಒಂದೊಂದೇ ಸವರುತ್ತಾ ಕೂರುವ ಬದಲು ಎಲ್ಲವನ್ನೂ ಜಿಪ್ ಚೀಲಕ್ಕೆ ಹಾಕಿ, ಕ್ರೈಟಾಕ್ಸ್ 105 ಎಣ್ಣೆಯ ಕೆಲವು ಹನಿ ಬಿಟ್ಟು, ಗಾಳಿ ತುಂಬಿ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ. ಮೇಲಿನ, ಕೆಳಗಿನ ಹೌಸಿಂಗುಗಳು ಬೆರಳಲ್ಲಿ ಹಿಡಿದಾಗ ಒಂದಕ್ಕೊಂದು ಅಲ್ಲಾಡುತ್ತಿದ್ದರೆ ಮಾತ್ರ ನಡುವೆ ಸ್ವಿಚ್ ಫಿಲ್ಮ್ ಎಂಬ ತೆಳು ಹಾಳೆ ಹಾಕಿ. ಬಿಗಿಯಾಗಿರುವ ಸ್ವಿಚ್ಚಿಗೆ ಫಿಲ್ಮ್ ತುರುಕಿದರೆ ಕ್ಲಿಪ್ಪೇ ಕೂರುವುದಿಲ್ಲ. ಇನ್ನೊಂದು ಮಾತು: ಎಲ್ಲವನ್ನೂ ಬಿಚ್ಚಿ ಹರವುವ ಮೊದಲು ನಾಲ್ಕೈದು ಸ್ವಿಚ್ಚಿಗೆ ಮಾತ್ರ ಮಾಡಿ, ಬೋರ್ಡಿಗೆ ಹಾಕಿ, ಪಕ್ಕದವುಗಳ ಜೊತೆ ಹೋಲಿಸಿ. ಕಾರ್ಖಾನೆಯಲ್ಲೇ ಲ್ಯೂಬ್ ಆಗಿ ಬರುವ ಈಚಿನ ಸ್ವಿಚ್ಚುಗಳಲ್ಲಿ ವ್ಯತ್ಯಾಸವೇ ಕೇಳದೇ ಇರಬಹುದು. ಆಗ ಒಂದು ಇಡೀ ದಿನ ಉಳಿಯಿತು.

ಹಂತ 5: ಕೀಕ್ಯಾಪ್

ದಪ್ಪ ಕೀಕ್ಯಾಪಿನ ಸದ್ದು ಗಂಭೀರ, ತೆಳುವಿನದು ಕೀಚಲು. ಪ್ಲಾಸ್ಟಿಕ್ ಎಬಿಎಸ್ಸೋ ಪಿಬಿಟಿಯೋ ಎಂಬುದಕ್ಕಿಂತ ದಪ್ಪವೇ ಇಲ್ಲಿ ಹೆಚ್ಚು ಮುಖ್ಯ, ಗೋಡೆ 1.5 ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು. ಎಬಿಎಸ್ ಬಳಸುತ್ತಾ ಬೇಗ ಎಣ್ಣೆಯ ಹೊಳಪು ಹಿಡಿಯುತ್ತದೆ. ಪಿಬಿಟಿ ಹಿಡಿಯುವುದು ನಿಧಾನ, ಆದರೆ ಅಚ್ಚಿನಿಂದ ತೆಗೆದ ಮೇಲೆ ಹೆಚ್ಚು ಕುಗ್ಗುವ ಗುಣ ಇರುವುದರಿಂದ ಪಿಬಿಟಿ ಸ್ಪೇಸ್‌ಬಾರ್ ಬಿಲ್ಲಾಗಿ ಬಾಗಿರುವ ಸಂಭವ ಉಂಟು. ಗಾಜಿನ ಮೇಲೆ ಬೋರಲಿಟ್ಟು ನೋಡಿ. ಬಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ಸಮತಟ್ಟಾದ ಜಾಗದಲ್ಲಿ ಭಾರ ಹೇರಿ ಆರಲು ಬಿಡಿ. ಸ್ಟೆಬಿಲೈಜರ್ ಎಷ್ಟೇ ಚೆನ್ನಾಗಿರಲಿ, ಬಾಗಿದ ಸ್ಪೇಸ್‌ಬಾರ್ ಅದನ್ನು ಹಿಡಿದೆಳೆಯುತ್ತಲೇ ಇರುತ್ತದೆ.

ನಡುಸಾಲಿನ ಕೀಗಳು ಮಾತ್ರ ಬೇರೆ ಥರ ಸದ್ದು ಮಾಡುತ್ತಿದ್ದರೆ, ಎಲ್‌ಇಡಿ ಮೇಲ್ಬದಿಗೆ (ಮಾನಿಟರಿನ ಕಡೆಗೆ) ಬರುವಂತೆ ಸ್ವಿಚ್ ಕೂರಿಸಿದ ಬೋರ್ಡೇ ಎಂದು ನೋಡಿ. ಅಂಥ ಬೋರ್ಡಿನಲ್ಲಿ ಚೆರ್ರಿ ಪ್ರೊಫೈಲ್ ಎಂಬ ಆಕಾರದ ಕೀಕ್ಯಾಪ್ ತಳ ಮುಟ್ಟುವ ಮುಂಚೆ ಸ್ವಿಚ್ಚಿನ ತಲೆಗೆ ತಾಗುತ್ತದೆ. ಲ್ಯೂಬಿನಿಂದ ಇದು ಹೋಗದು. ಬೇರೆ ಪ್ರೊಫೈಲ್ ಬೇಕು.

ಹಂತ 6: ಪ್ಲೇಟ್, ಮೌಂಟ್, ಕೇಸ್

ಸ್ವಿಚ್ಚುಗಳು ಕೂರುವ ಪ್ಲೇಟ್ ಸಾಮಾನ್ಯವಾಗಿ 1.5 ಮಿ.ಮೀ. ದಪ್ಪ. ಉಕ್ಕು, ಹಿತ್ತಾಳೆ ಬಿರುಸು; ಸದ್ದು ಎತ್ತರದ ಸ್ಥಾಯಿಗೆ ಹೋಗುತ್ತದೆ. ಪಾಲಿಕಾರ್ಬೊನೇಟ್, ಪಿಒಎಂ ಪ್ಲಾಸ್ಟಿಕ್ಕುಗಳು ಬಾಗುತ್ತವೆ, ಸದ್ದು ಕೆಳಕ್ಕಿಳಿಯುತ್ತದೆ. ಅಲ್ಯೂಮಿನಿಯಂ, ಎಫ್‌ಆರ್4 (ಸರ್ಕ್ಯೂಟ್ ಬೋರ್ಡಿನ ಫೈಬರ್‌ಗ್ಲಾಸ್) ನಡುವಿನವು. ಪ್ಲೇಟನ್ನೋ ಪಿಸಿಬಿಯನ್ನೋ ಕೇಸಿಗೆ ಹೇಗೆ ಕಟ್ಟಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಟ್ರೇ ಮೌಂಟಿನಲ್ಲಿ ಪಿಸಿಬಿಯನ್ನು ಕೇಸಿನ ತಳದ ಕಂಬಗಳಿಗೆ ಸ್ಕ್ರೂ ಹಾಕಿರುತ್ತಾರೆ. ಸ್ಕ್ರೂ ಇರುವಲ್ಲಿ ಕೀ ಗಟ್ಟಿ, ಇಲ್ಲದಲ್ಲಿ ಮೆದು, ಸದ್ದೂ ಹಾಗೇ ಒಂದೊಂದು ಕಡೆ ಒಂದೊಂದು. ಗ್ಯಾಸ್ಕೆಟ್ ಮೌಂಟಿನಲ್ಲಿ ಪ್ಲೇಟಿನ ಅಂಚು ಮೆತ್ತನೆಯ ಪಟ್ಟಿಗಳ ನಡುವೆ ತೇಲುವುದರಿಂದ ಬಡಿತ ಕೇಸಿಗೆ ಅಷ್ಟಾಗಿ ದಾಟುವುದಿಲ್ಲ. ಆದರೆ ಆ ಪಟ್ಟಿಗಳನ್ನು ಸ್ಕ್ರೂ ಬಿಗಿದು ಜಜ್ಜಿಟ್ಟಿದ್ದರೆ ಗ್ಯಾಸ್ಕೆಟ್ ಇದ್ದೂ ಇಲ್ಲದಂತೆಯೇ.

ಲೋಹದ ಕೇಸಿನ ಠಣ್ ಸದ್ದಿಗೆ ಅಗ್ಗದ ಮದ್ದು ಟೇಪ್. ಕೇಸಿನ ಎರಡು ಭಾಗ ಒಂದಕ್ಕೊಂದು ತಾಗುವ ಅಂಚಿನಲ್ಲಿ, ಸ್ಕ್ರೂ ಇರುವ ಜಾಗಗಳ ಹತ್ತಿರ, ತೆಳು ಟೇಪಿನ ಚಿಕ್ಕ ತುಂಡುಗಳನ್ನು ಅಂಟಿಸಿ ಮುಚ್ಚಿ. ಲೋಹಕ್ಕೆ ಲೋಹ ತಾಗುವುದು ತಪ್ಪಿದರೆ ಮೊಳಗು ಅಲ್ಲೇ ಸಾಯುತ್ತದೆ.

ಹಂತ 7: ಈಗ ಬೇಕಿದ್ದರೆ ಫೋಮ್

ಇಷ್ಟಾದ ಮೇಲೂ ‘ಡಬಡಬ’ ಉಳಿದಿದ್ದರೆ ಕೇಸಿನ ತಳಕ್ಕೆ ತೆಳು ಹಾಳೆ ಹಾಕಿ. ಪಿಸಿಬಿಯನ್ನು ಮೇಲಕ್ಕೆ ಒತ್ತುವಷ್ಟು ದಪ್ಪ ಬೇಡ. ಒತ್ತಿದರೆ ಕೀಗಳು ಹಲಗೆಯ ಮೇಲೆ ಕುಟ್ಟಿದ ಹಾಗಾಗುತ್ತವೆ, ಗ್ಯಾಸ್ಕೆಟ್ ಮೌಂಟಿನ ಬೋರ್ಡಾದರೆ ಅದರ ಬಾಗುವ ಗುಣವೂ ಹೋಯಿತು. ಪಿಸಿಬಿಯ ಬೆನ್ನಿಗೆ ಎರಡು ಮೂರು ಪದರ ಮಾಸ್ಕಿಂಗ್ ಟೇಪ್ ಅಂಟಿಸುವುದೂ ಒಳ್ಳೆಯ ಉಪಾಯ, ಚೂಪು ಸದ್ದುಗಳು ಕಡಿಮೆಯಾಗುತ್ತವೆ. ಅಲ್ಯೂಮಿನಿಯಂ ಟೇಪ್ ಬೇಡವೇ ಬೇಡ. ಐಸಿ (ಚಿಪ್) ಚುಚ್ಚಿಡಲು ಬರುವ ಕಪ್ಪು ಫೋಮ್ ವಿದ್ಯುತ್ ಹಾಯಿಸುತ್ತದೆ, ಅದನ್ನೂ ಬಳಸಬಾರದು. ವೈರ್‌ಲೆಸ್ ಕೀಬೋರ್ಡಾದರೆ ಮೊದಲು ಬ್ಯಾಟರಿ ಎಲ್ಲಿದೆ ನೋಡಿ. ಲಿಥಿಯಂ ಬ್ಯಾಟರಿಯನ್ನು ಒತ್ತಿ ಹಿಡಿಯುವಂತೆ ಫೋಮ್ ಇಡಬೇಡಿ, ಅದರ ಹತ್ತಿರ ಚೂಪಾದ ಉಪಕರಣವನ್ನೂ ತರಬೇಡಿ.

ಹಂತ 8: ಜೋಡಣೆ, ತಪಾಸಣೆ

ಹಾಟ್‌ಸ್ವಾಪ್ ಬೋರ್ಡಿಗೆ ಸ್ವಿಚ್ ಹಾಕುವಾಗ ಪ್ರತಿಯೊಂದರ ಪಿನ್ ನೇರವಿದೆಯೇ ನೋಡಿ, ಪಿಸಿಬಿಯ ಹಿಂದಿನಿಂದ ಸಾಕೆಟ್ಟಿಗೆ ಬೆರಳ ಆಸರೆ ಕೊಟ್ಟು ನೇರವಾಗಿ ಒತ್ತಿ. ಆಸರೆಯಿಲ್ಲದೆ ಒತ್ತಿದರೆ ಸಾಕೆಟ್ ಬೆಸುಗೆ ಸಮೇತ ಕಿತ್ತು ಬರುವುದುಂಟು. ಕೇಸ್ ಮುಚ್ಚುವ ಮುಂಚೆ ಕೇಬಲ್ ಸಿಕ್ಕಿಸಿ, ಪ್ರತಿ ಕೀಯೂ ದಾಖಲಾಗುತ್ತಿದೆಯೇ ಎಂದು ಪರೀಕ್ಷಿಸಿ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯದೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳುತ್ತಿದ್ದರೆ ಆ ಸ್ವಿಚ್ಚಿನ ಸಂಪರ್ಕ ಬಿಂದುವಿಗೆ ಗ್ರೀಸ್ ಸೇರಿರಬಹುದು. ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಒರೆಸಿ. ಕ್ಯೂಎಂಕೆ ಫರ್ಮ್‌ವೇರಿನಲ್ಲಿ (ಕೀಬೋರ್ಡಿನೊಳಗಿನ ತಂತ್ರಾಂಶದಲ್ಲಿ) ಡಿಬೌನ್ಸ್ ಸಮಯ (ಒಂದೇ ಒತ್ತಿನ ಕಂಪನಗಳನ್ನು ಲೆಕ್ಕಿಸದೆ ಬಿಡುವ ಅವಧಿ) ಮೂಲದಲ್ಲಿ 5 ಮಿಲಿಸೆಕೆಂಡ್ ಇರುತ್ತದೆ, ಅದನ್ನು ಹೆಚ್ಚಿಸಿಯೂ ಈ ತೊಂದರೆ ಮುಚ್ಚಬಹುದು, ಆದರೆ ಮೊದಲು ಒರೆಸಿ ನೋಡುವುದೇ ಸರಿ. ಆಮೇಲೆ ಮೊದಲ ಹಂತದ ರೆಕಾರ್ಡಿಂಗನ್ನು ಅದೇ ಜಾಗದಲ್ಲಿ, ಅದೇ ವಾಕ್ಯದೊಂದಿಗೆ ಮತ್ತೆ ಮಾಡಿ. ಸ್ಟೆಬಿಲೈಜರಿನ ಗ್ರೀಸ್ ಬಳಸುತ್ತಾ ಒಂದು ಹದಕ್ಕೆ ಬರಲು ಕೆಲವು ದಿನ ಬೇಕು. ಸ್ಪೇಸ್‌ಬಾರಿನ ಬಗ್ಗೆ ತೀರ್ಮಾನವನ್ನು ಅಲ್ಲಿಯತನಕ ತಡೆಹಿಡಿಯಿರಿ.